ಪ್ಲೇಟುಗಳನ್ನು ದೂರ ಎಳೆದರೆ ವೋಲ್ಟೇಜ್ ಏನಾಗುತ್ತದೆ?

ಒಂದು ಸಣ್ಣ ಒಗಟಿನಿಂದ ಶುರು ಮಾಡೋಣ. ಲೋಹದ ಎರಡು ಚೌಕ ಪ್ಲೇಟುಗಳಿವೆ. ಒಂದೊಂದೂ 10 ಸೆಂಟಿಮೀಟರ್ ಉದ್ದ, 10 ಸೆಂಟಿಮೀಟರ್ ಅಗಲ. ಎರಡನ್ನೂ ಎದುರುಬದುರಾಗಿ, 1 ಮಿಲಿಮೀಟರ್ ಅಂತರ ಬಿಟ್ಟು ನಿಲ್ಲಿಸಿದ್ದೇವೆ. ನಡುವೆ ಗಾಳಿ ಬಿಟ್ಟರೆ ಬೇರೇನೂ ಇಲ್ಲ. 9 ವೋಲ್ಟಿನ ಬ್ಯಾಟರಿಯಿಂದ ಒಂದೊಂದು ಪ್ಲೇಟಿಗೆ ಒಂದೊಂದು ವೈರ್ ತಾಗಿಸಿ, ಆಮೇಲೆ ಎರಡೂ ವೈರುಗಳನ್ನು ತೆಗೆದುಬಿಟ್ಟೆವು. ಈಗ ಒಂದು ಪ್ಲೇಟನ್ನು ಹಿಂದಕ್ಕೆ ಎಳೆದು ಅಂತರವನ್ನು 2 ಮಿಲಿಮೀಟರ್ ಮಾಡಿದರೆ, ಎರಡರ ನಡುವಿನ ವೋಲ್ಟೇಜ್ ಎಷ್ಟಾಗುತ್ತದೆ?

ಹೆಚ್ಚಿನವರು "ಕಡಿಮೆಯಾಗುತ್ತೆ" ಅನ್ನುತ್ತಾರೆ. ದೂರ ಹೋದಷ್ಟೂ ಪ್ರಭಾವ ಕುಗ್ಗಬೇಕು ಅಲ್ವಾ, ಅದು ಅವರ ಲೆಕ್ಕ. ಇನ್ನು ಕೆಲವರು "9 ವೋಲ್ಟೇ ಇರುತ್ತೆ, ಎಲ್ಲಿಗೆ ಹೋಗುತ್ತೆ?" ಅನ್ನುತ್ತಾರೆ. ಸರಿಯಾದ ಉತ್ತರ 18 ವೋಲ್ಟ್. ಬ್ಯಾಟರಿಯ ಹಂಗಿಲ್ಲದೆ, ಸುಮ್ನೆ ದೂರ ಎಳೆದಿದ್ದಕ್ಕೇ ವೋಲ್ಟೇಜ್ ದುಪ್ಪಟ್ಟು.

ಓದುವ ದಿನಗಳಲ್ಲಿ ಇದನ್ನು ನಂಬಲಾಗದೆ ನಾನೇ ಮಾಡಿ ನೋಡಿದ್ದೆ. ಎರಡು ಅಲ್ಯೂಮಿನಿಯಂ ತಗಡು, ನಡುವೆ ಮೂಲೆಗಳಲ್ಲಿ ಪ್ಲಾಸ್ಟಿಕ್ ಚೂರು, ಒಂದು ಬ್ಯಾಟರಿ. ವೈರ್ ತೆಗೆದು, ತಗಡು ಎಳೆದು, ಮಲ್ಟಿಮೀಟರ್ ಹಚ್ಚಿದೆ. ಸೊನ್ನೆ. 18 ಹಾಗಿರಲಿ, 9 ಕೂಡ ಇಲ್ಲ. ಎಳೆಯದೆ ಅಳೆದರೂ ಸೊನ್ನೆ. ಪುಸ್ತಕದ ಮೇಲೆಯೇ ಅನುಮಾನ ಬಂತು. ಪುಸ್ತಕ ಸರಿಯಾಗಿಯೇ ಇತ್ತು, ನಾನು ಮೀಟರನ್ನು ನಂಬಿ ಕೆಟ್ಟಿದ್ದೆ. ಆ ಕಥೆಗೆ ಕೊನೆಯಲ್ಲಿ ಬರುತ್ತೇನೆ. ಅದಕ್ಕೆ ಮೊದಲು ಆ 18 ಎಲ್ಲಿಂದ ಬರುತ್ತದೆ ಅಂತ ನೋಡೋಣ.

ಪ್ಲೇಟಿನ ಮೇಲೆ ಏನಿದೆ?

ಬ್ಯಾಟರಿ ಮಾಡುವುದು ಇಷ್ಟೇ: ಒಂದು ಪ್ಲೇಟಿನಿಂದ ಎಲೆಕ್ಟ್ರಾನ್‌ಗಳನ್ನು ಎಳೆದು ಇನ್ನೊಂದಕ್ಕೆ ತಳ್ಳುತ್ತದೆ. ಕಳೆದುಕೊಂಡ ಪ್ಲೇಟು ಪ್ಲಸ್, ಪಡೆದುಕೊಂಡದ್ದು ಮೈನಸ್. ನಮ್ಮ ಪ್ಲೇಟುಗಳ ಅಳತೆಗೆ ಲೆಕ್ಕ ಹಾಕಿದರೆ ಹೀಗೆ ಜಾಗ ಬದಲಿಸಿದ ಎಲೆಕ್ಟ್ರಾನ್‌ಗಳು ಸುಮಾರು 500 ಕೋಟಿ. ಕೇಳಲು ದೊಡ್ಡ ಸಂಖ್ಯೆ. ಆದರೆ ಅಲ್ಯೂಮಿನಿಯಂ ಪ್ಲೇಟಿನ ಮೇಲ್ಪದರದ ಪರಮಾಣುಗಳನ್ನೇ ಎಣಿಸುತ್ತಾ ಹೋದರೆ, ಸುಮಾರು ಮೂರು ಕೋಟಿ ಪರಮಾಣುಗಳಿಗೆ ಒಂದು ಎಲೆಕ್ಟ್ರಾನ್ ಕಾಣೆಯಾಗಿದೆ, ಅಷ್ಟೇ. ಅಷ್ಟು ಚೂರು ವ್ಯತ್ಯಾಸಕ್ಕೇ 9 ವೋಲ್ಟ್ ಬಂದುಬಿಡುತ್ತದೆ.

ಈ ಚಾರ್ಜ್, ಅಂದರೆ ಪಠ್ಯಪುಸ್ತಕಗಳು ಆವೇಶ ಅನ್ನುವುದು, ಪ್ಲೇಟಿನಲ್ಲಿ ಎಲ್ಲೆಂದರಲ್ಲಿ ಇರುವುದಿಲ್ಲ. ಎದುರಿನ ಪ್ಲೇಟಿನ ವಿರುದ್ಧ ಚಾರ್ಜ್ ಅದನ್ನು ಎಳೆಯುತ್ತಿರುತ್ತದೆ. ಹಾಗಾಗಿ ಅದು ಒಳಮುಖಕ್ಕೆ ಬಂದು ಅಂಟಿಕೊಂಡಂತೆ ಕೂರುತ್ತದೆ. ಲೋಹದ ಒಳಗೆ ಎಲೆಕ್ಟ್ರಾನ್‌ಗಳು ಓಡಾಡಲು ತಡೆಯಿಲ್ಲ. ಒಳಗೆ ಎಲ್ಲಾದರೂ ಒಂದಿಷ್ಟು ಎಳೆತ ಉಳಿದಿದ್ದರೆ ಅವು ಸರಿಯುತ್ತವೆ, ಆ ಎಳೆತ ಇಲ್ಲವಾಗುವವರೆಗೂ ಸರಿಯುತ್ತವೆ. ಆದ್ದರಿಂದ ಎಲ್ಲ ಶಾಂತವಾದ ಮೇಲೆ ಲೋಹದ ಒಳಗೆ ವಿದ್ಯುತ್ ಕ್ಷೇತ್ರ ಸೊನ್ನೆ, ಇಡೀ ಪ್ಲೇಟು ಒಂದೇ ವೋಲ್ಟೇಜಿನಲ್ಲಿ. ಇದೊಂದು ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ದೂರ ಲೆಕ್ಕಕ್ಕೇ ಬಾರದ ಎಳೆತ

ವಿದ್ಯುತ್ ಕ್ಷೇತ್ರ ಅಂದರೇನು? ಒಂದು ಜಾಗದಲ್ಲಿ ಪುಟ್ಟ ಚಾರ್ಜ್ ಇಟ್ಟರೆ ಅದರ ಮೇಲೆ ಬೀಳುವ ಬಲ ಎಷ್ಟು, ಯಾವ ಕಡೆಗೆ ಅನ್ನುವುದೇ ಆ ಜಾಗದ ಕ್ಷೇತ್ರ. ಚಾರ್ಜಿನ ಅಳತೆ ಕೂಲಂಬ್, ಬಲದ ಅಳತೆ ನ್ಯೂಟನ್. ಹಾಗಾಗಿ ಕ್ಷೇತ್ರವನ್ನು ಒಂದು ಕೂಲಂಬ್ ಚಾರ್ಜಿಗೆ ಇಷ್ಟು ನ್ಯೂಟನ್ ಅಂತ ಅಳೆಯುತ್ತಾರೆ. ದಿಕ್ಕು ಪ್ಲಸ್‌ನಿಂದ ಮೈನಸ್ ಕಡೆಗೆ. ನಮ್ಮ ಪ್ಲೇಟುಗಳ ನಡುವೆ ಅದು ಕೂಲಂಬಿಗೆ 9000 ನ್ಯೂಟನ್. ಅಲ್ಲೊಂದು ಎಲೆಕ್ಟ್ರಾನ್ ಬಿಟ್ಟರೆ ಕ್ಷೇತ್ರ ಅದನ್ನು ಎಳೆಯುವ ಬಲ ಅದರ ತೂಕದ ಸುಮಾರು 160 ಲಕ್ಷ ಕೋಟಿ ಪಟ್ಟು! ಎಲೆಕ್ಟ್ರಾನ್ ವಿಷಯದಲ್ಲಿ ಗುರುತ್ವಾಕರ್ಷಣೆಯನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ ಅನ್ನುವುದಕ್ಕೆ ಇದೇ ಕಾರಣ.

ಈಗ ವಿಚಿತ್ರ ಸಂಗತಿ. ಒಂಟಿ ಚಾರ್ಜಿನಿಂದ ಎರಡು ಪಟ್ಟು ದೂರ ಹೋದರೆ ಬಲ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ಆದರೆ ಅಗಲವಾದ ಪ್ಲೇಟಿನ ಎದುರು ಹಾಗಾಗುವುದಿಲ್ಲ. ಪ್ಲೇಟಿಗೆ ಹತ್ತಿರ ಇದ್ದರೂ ಒಂದೇ, ಸ್ವಲ್ಪ ದೂರ ಸರಿದರೂ ಒಂದೇ. ಯಾಕೆ?

ಸಮನಾಗಿ ಬೆಳಕು ಬಿದ್ದಿರುವ ಒಂದು ದೊಡ್ಡ ಬಿಳಿ ಗೋಡೆಯನ್ನು ನೆನೆಸಿಕೊಳ್ಳಿ. ಸುರುಳಿ ಸುತ್ತಿದ ಕಾಗದದ ಕೊಳವೆಯಿಂದ ಅದನ್ನು ನೋಡಿ. ಎರಡು ಹೆಜ್ಜೆ ದೂರದಿಂದ ನೋಡಿದರೂ, ನಾಲ್ಕು ಹೆಜ್ಜೆ ದೂರದಿಂದ ನೋಡಿದರೂ ಗೋಡೆಯ ಹೊಳಪು ಅಷ್ಟೇ. ದೂರ ಹೋದಾಗ ಗೋಡೆಯ ಒಂದೊಂದು ಚೂರಿನಿಂದ ಬರುವ ಬೆಳಕು ನಾಲ್ಕನೇ ಒಂದು ಭಾಗವಾಯಿತು, ನಿಜ. ಆದರೆ ಕೊಳವೆಯೊಳಗೆ ಕಾಣುವ ಗೋಡೆ ನಾಲ್ಕು ಪಟ್ಟಾಯಿತು. ಅಲ್ಲಿಗೆ ಲೆಕ್ಕ ಸರಿಹೋಯಿತು. ಪ್ಲೇಟಿನ ಚಾರ್ಜಿನ ಕಥೆಯೂ ಇದೇ. ಒಂದೊಂದು ಚೂರಿನ ಎಳೆತ ಕುಗ್ಗುವಷ್ಟೇ ವೇಗದಲ್ಲಿ, ನೇರ ದಿಕ್ಕಿನಲ್ಲಿ ಎಳೆಯುವ ಚೂರುಗಳು ಜಾಸ್ತಿಯಾಗುತ್ತವೆ. ಪಕ್ಕದ ದಿಕ್ಕಿನ ಎಳೆತಗಳು ಎಡಬಲದಲ್ಲಿ ಹೊಡೆದು ಹೋಗುತ್ತವೆ. ಉಳಿಯುವುದು ಪ್ಲೇಟಿಗೆ ನೆಟ್ಟಗೆ ನಿಂತ ಕ್ಷೇತ್ರ.

ಒಂದು ಪ್ಲೇಟು ಹೀಗೆ ತನ್ನ ಎರಡೂ ಬದಿಗೆ ಕ್ಷೇತ್ರ ಹರಡುತ್ತದೆ. ನಮ್ಮಲ್ಲಿ ಎರಡು ಪ್ಲೇಟುಗಳಿವೆ. ನಡುವಿನ ಜಾಗದಲ್ಲಿ ಪ್ಲಸ್ ಪ್ಲೇಟು ತಳ್ಳುವ ದಿಕ್ಕಿಗೇ ಮೈನಸ್ ಪ್ಲೇಟು ಎಳೆಯುತ್ತದೆ, ಎರಡೂ ಕೂಡಿಕೊಳ್ಳುತ್ತವೆ. ಒಂದೊಂದರಿಂದ 4500, ಒಟ್ಟು 9000. ಪ್ಲೇಟುಗಳ ಆಚೆ ಬದಿಗೆ ಹೋದರೆ ಒಂದು ತಳ್ಳಿದ್ದನ್ನು ಇನ್ನೊಂದು ಎಳೆದು ಅಳಿಸಿಹಾಕುತ್ತದೆ, ಹೊರಗೆ ಹೆಚ್ಚುಕಡಿಮೆ ಏನೂ ಉಳಿಯುವುದಿಲ್ಲ. ಕ್ಷೇತ್ರವೆಲ್ಲ ನಡುವೆ ಬಂಧಿ.

ಇದರ ಸೂತ್ರ ಪುಟ್ಟದು. ಒಂದು ಚದರ ಮೀಟರಿನ ಮೇಲೆ ಎಷ್ಟು ಚಾರ್ಜ್ ಕೂತಿದೆ ಅನ್ನುವುದನ್ನು ಎಪ್ಸಿಲಾನ್ ನಾಟ್ ಅನ್ನುವ ಸ್ಥಿರಾಂಕದಿಂದ ಭಾಗಿಸಿದರೆ ಕ್ಷೇತ್ರ ಸಿಗುತ್ತದೆ. ಈ ಸೂತ್ರದಲ್ಲಿ ಏನಿದೆ ಅನ್ನುವುದಕ್ಕಿಂತ ಏನಿಲ್ಲ ಅನ್ನುವುದನ್ನು ನೋಡಿ. ಪ್ಲೇಟುಗಳ ನಡುವಿನ ಅಂತರ ಇದರಲ್ಲಿ ಎಲ್ಲೂ ಇಲ್ಲ. ಒಗಟಿನ ಅರ್ಧ ಉತ್ತರ ಇಲ್ಲೇ ಇದೆ.

ಅಂಚುಗಳ ಬಗ್ಗೆ ಒಂದು ಮಾತು. "ಅಗಲವಾದ ಪ್ಲೇಟು" ಅಂದಿದ್ದು ಅಂತರಕ್ಕೆ ಹೋಲಿಸಿ. 100 ಮಿಲಿಮೀಟರ್ ಅಗಲಕ್ಕೆ 1 ಮಿಲಿಮೀಟರ್ ಅಂತರ ಇದ್ದರೆ ಮೇಲಿನದ್ದೆಲ್ಲ ಚೆನ್ನಾಗಿ ಒಪ್ಪುತ್ತದೆ. ಅಂಚಿನ ಹತ್ತಿರ ಕ್ಷೇತ್ರದ ಗೆರೆಗಳು ಹೊರಕ್ಕೆ ಉಬ್ಬಿ ಬಾಗುತ್ತವೆ, ಅದನ್ನು ಬಿಟ್ಟುಬಿಡಬಹುದು. ಅಂತರವೇ 5 ಸೆಂಟಿಮೀಟರ್ ಆದರೆ ಆ ಉಬ್ಬೇ ಮುಖ್ಯವಾಗಿ, ಸರಳ ಸೂತ್ರ ಕೈಕೊಡುತ್ತದೆ.

ಇಳಿಜಾರು ಮತ್ತು ಎತ್ತರ

ಈಗ ವಿಭವಾಂತರ. ಪದ ನೋಡಿ ಹೆದರುವುದು ಬೇಡ. ನಾವು ದಿನಾ ವೋಲ್ಟೇಜ್ ಅನ್ನುವುದು ಇದನ್ನೇ. ಒಂದು ಕೂಲಂಬ್ ಚಾರ್ಜನ್ನು ಒಂದು ಪ್ಲೇಟಿನಿಂದ ಇನ್ನೊಂದಕ್ಕೆ ಸಾಗಿಸಲು ಎಷ್ಟು ಕೆಲಸ ಆಗುತ್ತದೆ ಅನ್ನುವುದು ಅದು. ಕೆಲಸ ಅಂದರೆ ಬಲ ಗುಣಿಸು ದೂರ. ಕ್ಷೇತ್ರ ಎಲ್ಲೆಡೆ ಒಂದೇ ಇರುವುದರಿಂದ ಕಷ್ಟದ ಗಣಿತ ಬೇಕಿಲ್ಲ: 9000 ನ್ಯೂಟನ್ ಗುಣಿಸು 0.001 ಮೀಟರ್, ಒಂಬತ್ತು ಜೂಲ್. ಕೂಲಂಬಿಗೆ ಒಂಬತ್ತು ಜೂಲ್ ಅಂದರೆ ಒಂಬತ್ತು ವೋಲ್ಟ್. ತಿರುಗಿಸಿ ಹೇಳಿದರೆ, ವೋಲ್ಟೇಜನ್ನು ಅಂತರದಿಂದ ಭಾಗಿಸಿದರೆ ಕ್ಷೇತ್ರ. ಹಾಗಾಗಿಯೇ ಕ್ಷೇತ್ರವನ್ನು "ಮೀಟರಿಗೆ ಇಷ್ಟು ವೋಲ್ಟ್" ಅಂತಲೂ ಹೇಳುತ್ತಾರೆ. ಕೂಲಂಬಿಗೆ ನ್ಯೂಟನ್, ಮೀಟರಿಗೆ ವೋಲ್ಟ್, ಎರಡೂ ಒಂದೇ ಅಳತೆಯ ಎರಡು ಹೆಸರು.

ನನಗೆ ಇದು ತಲೆಗೆ ಹತ್ತಿದ್ದು ಇಳಿಜಾರಿನ ಚಿತ್ರದಿಂದ. ವೋಲ್ಟೇಜ್ ಅಂದರೆ ಎತ್ತರ. ಕ್ಷೇತ್ರ ಅಂದರೆ ಇಳಿಜಾರು ಎಷ್ಟು ಕಡಿದಾಗಿದೆ ಅನ್ನುವುದು. ಪ್ಲಸ್ ಪ್ಲೇಟು ದಿಬ್ಬದ ನೆತ್ತಿ, ಮೈನಸ್ ಪ್ಲೇಟು ಬುಡ. ನಡುವೆ ಒಂದೇ ಸಮ ಇಳಿಯುವ ಹಾದಿ. ಪ್ಲಸ್ ಚಾರ್ಜು ಚೆಂಡಿನಂತೆ ಕೆಳಕ್ಕೆ ಉರುಳುತ್ತದೆ. ಎಲೆಕ್ಟ್ರಾನ್ ಮಾತ್ರ ಉಲ್ಟಾ. ನೀರಿನೊಳಗಿನ ಗುಳ್ಳೆ ತಾನಾಗಿ ಮೇಲಕ್ಕೇರುವ ಹಾಗೆ ಅದು ನೆತ್ತಿಯ ಕಡೆಗೆ ಹೋಗುತ್ತದೆ.

ಈ ಚಿತ್ರ ಕೈಯಲ್ಲಿದ್ದರೆ ಪರೀಕ್ಷೆಗಳಲ್ಲಿ ಪದೇ ಪದೇ ಆಗುವ ಒಂದು ತಪ್ಪು ಆಗುವುದಿಲ್ಲ. "ಪ್ಲೇಟುಗಳ ಸರಿಮಧ್ಯದಲ್ಲಿ ಕ್ಷೇತ್ರ ಎಷ್ಟು?" ಅಂತ ಕೇಳಿದರೆ ಅರ್ಧ ಅಂತ ಬರೆದುಬಿಡುತ್ತಾರೆ. ಮಧ್ಯದಲ್ಲಿ ಅರ್ಧವಾಗಿರುವುದು ಎತ್ತರ, 4.5 ವೋಲ್ಟ್. ಕಡಿದು ಅಷ್ಟೇ ಇದೆ, ಅದೇ 9000. ದಿಬ್ಬದ ನಡುವೆ ನಿಂತಿದ್ದೀರಿ ಅಂತ ಇಳಿಜಾರು ಮೆತ್ತಗಾಗುತ್ತದೆಯೇ?

ಎತ್ತರವನ್ನು ಎಲ್ಲಿಂದ ಅಳೆಯುತ್ತೀರಿ ಅನ್ನುವುದೂ ನಿಮ್ಮಿಷ್ಟ. ಒಂದು ಪ್ಲೇಟು 9, ಇನ್ನೊಂದು ಸೊನ್ನೆ ಅನ್ನಿ. ಅಥವಾ ಒಂದು 1009, ಇನ್ನೊಂದು 1000 ಅನ್ನಿ. ನಡುವಿನ ಎಲೆಕ್ಟ್ರಾನಿಗೆ ಇದರಿಂದ ಏನೂ ಆಗಬೇಕಿಲ್ಲ, ಅದಕ್ಕೆ ಗೊತ್ತಾಗುವುದು ಇಳಿಜಾರು ಮಾತ್ರ. ವಿಭವಕ್ಕಿಂತ ವಿಭವಾಂತರದ ಮಾತೇ ಜಾಸ್ತಿ ಕೇಳಿಬರುವುದು ಇದಕ್ಕೇ.

ಇನ್ನೊಂದು ಪ್ರಯೋಗವನ್ನು ಮನಸ್ಸಿನಲ್ಲೇ ಮಾಡೋಣ. ಗಾಳಿ ತೆಗೆದ ಕೊಳವೆಯೊಳಗೆ ಎರಡು ಪ್ಲೇಟು, ನಡುವೆ 100 ವೋಲ್ಟ್. ಮೈನಸ್ ಪ್ಲೇಟಿನಿಂದ ಒಂದು ಎಲೆಕ್ಟ್ರಾನ್ ಬಿಟ್ಟೆವು. ಅಂತರ 1 ಮಿಲಿಮೀಟರ್ ಆಗಿದ್ದರೆ ಅದು ಆಚೆ ಪ್ಲೇಟಿಗೆ ಬಡಿಯುವಾಗ ವೇಗ ಸೆಕೆಂಡಿಗೆ ಸುಮಾರು 5900 ಕಿಲೋಮೀಟರ್. ಅಂತರ 1 ಸೆಂಟಿಮೀಟರ್ ಆಗಿದ್ದರೆ? ಅದೇ 5900. ಬಲ ಹತ್ತನೇ ಒಂದಾಯಿತು, ಆದರೆ ಆ ಬಲ ಹತ್ತು ಪಟ್ಟು ದೂರ ಕೆಲಸ ಮಾಡಿತು. ಬದಲಾಗುವುದು ತಲುಪಲು ಹಿಡಿಯುವ ಸಮಯ, ಅದು ಹತ್ತು ಪಟ್ಟು. ಕೊನೆಯ ವೇಗವನ್ನು ಎತ್ತರ ನಿರ್ಧರಿಸುತ್ತದೆ, ಹೊರಡುವ ರಭಸವನ್ನು ಇಳಿಜಾರು.

ಮತ್ತೆ ಒಗಟಿಗೆ

ಈ ವಿಷಯದಲ್ಲಿ ಜನ ಎಡವುವುದು ಸೂತ್ರ ಗೊತ್ತಿಲ್ಲದೆ ಅಲ್ಲ. "ಯಾವುದು ಬದಲಾಗದೆ ಉಳಿದಿದೆ?" ಅಂತ ಕೇಳಿಕೊಳ್ಳದೆ ಸೂತ್ರಕ್ಕೆ ಕೈಹಾಕುವುದರಿಂದ. ನನ್ನ ಮಟ್ಟಿಗೆ ಇಡೀ ಪಾಠದಲ್ಲಿ ಇದೊಂದೇ ಪ್ರಶ್ನೆ ಮುಖ್ಯ.

ಬ್ಯಾಟರಿ ಹಚ್ಚಿಯೇ ಇದೆ ಅಂದುಕೊಳ್ಳಿ. ಆಗ 9 ವೋಲ್ಟನ್ನು ಬ್ಯಾಟರಿ ಬಿಟ್ಟುಕೊಡುವುದಿಲ್ಲ. ಅಂತರ ಎರಡು ಪಟ್ಟಾದರೆ ಅದೇ ಎತ್ತರಕ್ಕೆ ಎರಡರಷ್ಟು ಉದ್ದದ ಹಾದಿ, ಇಳಿಜಾರು ಅರ್ಧ, ಕ್ಷೇತ್ರ 4500. ಕ್ಷೇತ್ರ ಅರ್ಧವಾಗಬೇಕಾದರೆ ಪ್ಲೇಟಿನ ಮೇಲಿನ ಚಾರ್ಜೂ ಅರ್ಧವಾಗಬೇಕು. ಆಗುತ್ತದೆ: ನೀವು ಎಳೆಯುತ್ತಿರುವಾಗ 250 ಕೋಟಿ ಎಲೆಕ್ಟ್ರಾನ್‌ಗಳು ಬ್ಯಾಟರಿಯ ಮೂಲಕ ಹಿಂದಕ್ಕೆ ಹರಿದು ಹೋಗುತ್ತವೆ.

ಬ್ಯಾಟರಿ ಕಿತ್ತಿದ್ದರೆ ಕಥೆಯೇ ಬೇರೆ. ಚಾರ್ಜಿಗೆ ಹೋಗಲು ದಾರಿಯಿಲ್ಲ. 500 ಕೋಟಿ ಎಲೆಕ್ಟ್ರಾನ್‌ಗಳು ಇದ್ದಲ್ಲೇ ಇವೆ. ಕ್ಷೇತ್ರವನ್ನು ನಿರ್ಧರಿಸುವುದು ಚದರ ಮೀಟರಿಗೆ ಎಷ್ಟು ಚಾರ್ಜ್ ಅನ್ನುವುದು, ಅಂತರಕ್ಕೆ ಅಲ್ಲಿ ಜಾಗವಿಲ್ಲ ಅಂತ ಆಗಲೇ ನೋಡಿದೆವು. ಹಾಗಾಗಿ ಕ್ಷೇತ್ರ 9000 ಇದ್ದ ಹಾಗೇ ಇದೆ. ಅಷ್ಟೇ ಕಡಿದಾದ ಇಳಿಜಾರು ಈಗ ಎರಡರಷ್ಟು ದೂರ ಸಾಗಿದೆ. ನೆತ್ತಿ ಎರಡು ಪಟ್ಟು ಎತ್ತರವಾಗದೆ ಇನ್ನೇನಾಗಬೇಕು? 18 ವೋಲ್ಟ್.

"ಶಕ್ತಿ ಎಲ್ಲಿಂದ ಬಂತು?" ಒಳ್ಳೆಯ ಪ್ರಶ್ನೆ. ಅದನ್ನು ಕೊಟ್ಟಿದ್ದು ನಿಮ್ಮ ಕೈ. ಪ್ಲೇಟುಗಳು ಒಂದನ್ನೊಂದು ಎಳೆಯುತ್ತಿವೆ, ಅದನ್ನು ಮೀರಿ ನೀವು ಬಿಡಿಸಿದಿರಿ. ಲೆಕ್ಕ ಹಾಕಿದರೆ ಎಳೆತ ಸುಮಾರು 3.6 ಮೈಕ್ರೋನ್ಯೂಟನ್, ಅರ್ಧ ಮಿಲಿಗ್ರಾಂ ವಸ್ತುವಿನ ತೂಕಕ್ಕಿಂತಲೂ ಕಡಿಮೆ. ಕೈಗೆ ಗೊತ್ತೇ ಆಗುವುದಿಲ್ಲ. ಆ ಬಲವನ್ನು 1 ಮಿಲಿಮೀಟರಿನಿಂದ ಗುಣಿಸಿದರೆ 3.6 ನ್ಯಾನೋಜೂಲ್. ಮೊದಲು ಪ್ಲೇಟುಗಳ ನಡುವೆ ಇದ್ದ ಶಕ್ತಿ 3.6, ಈಗ ಇರುವುದು 7.2. ಪೈಸೆ ಪೈಸೆಗೂ ಲೆಕ್ಕ ತಾಳೆಯಾಗುತ್ತದೆ.

ಈ ಎಳೆತದ ಲೆಕ್ಕದಲ್ಲಿ ಒಂದು ಹಳ್ಳವಿದೆ, ನಾನೂ ಬಿದ್ದಿದ್ದೇನೆ. ಪ್ಲೇಟಿನ ಚಾರ್ಜನ್ನು 9000ದಿಂದ ಗುಣಿಸಿದರೆ ಎರಡು ಪಟ್ಟು ಜಾಸ್ತಿ ಬಲ ಬರುತ್ತದೆ. ಯಾಕಂದರೆ ಆ 9000ದಲ್ಲಿ ಅರ್ಧ ಆ ಪ್ಲೇಟಿನದ್ದೇ ಕ್ಷೇತ್ರ. ಯಾರೂ ತಮ್ಮ ಜುಟ್ಟು ತಾವೇ ಹಿಡಿದು ಮೇಲೇಳಲು ಆಗುವುದಿಲ್ಲ, ಪ್ಲೇಟಿಗೂ ಅಷ್ಟೇ. ಅದನ್ನು ಎಳೆಯುವುದು ಎದುರಿನ ಪ್ಲೇಟಿನ 4500 ಮಾತ್ರ.

ಇದೇ ಪ್ರಶ್ನೆ ಹಿಡಿದುಕೊಂಡು ಇನ್ನೊಂದು ಆಟ ಆಡಬಹುದು. ಚಾರ್ಜ್ ಆಗಿ ಬ್ಯಾಟರಿ ಕಿತ್ತ ಪ್ಲೇಟುಗಳ ನಡುವೆ, ಎರಡಕ್ಕೂ ತಾಗದಂತೆ, ಅಷ್ಟೇ ಅಗಲದ ಅರ್ಧ ಮಿಲಿಮೀಟರ್ ದಪ್ಪದ ಲೋಹದ ಹಲಗೆ ತೂರಿಸಿದರೆ? ಲೋಹದ ಒಳಗೆ ಕ್ಷೇತ್ರ ಸೊನ್ನೆ. ಅಂದರೆ ಇಳಿಜಾರಿನ ನಡುವೆ ಅರ್ಧ ಹಾದಿ ಸಮತಟ್ಟಾಯಿತು. ಉಳಿದ ಅರ್ಧ ಮಿಲಿಮೀಟರಿನಲ್ಲಿ ಕಡಿದು ಮೊದಲಿನಂತೆ 9000. ವೋಲ್ಟೇಜ್ 4.5ಕ್ಕೆ ಇಳಿಯುತ್ತದೆ. ಬ್ಯಾಟರಿ ಹಚ್ಚಿದ್ದರೆ 9 ವೋಲ್ಟ್ ಪೂರ್ತಿ ಆ ಉಳಿದ ಅರ್ಧ ಮಿಲಿಮೀಟರಿನಲ್ಲೇ ಇಳಿಯಬೇಕು, ಅಲ್ಲಿ ಕ್ಷೇತ್ರ 18,000. ಲೋಹದ ಬದಲು ಪ್ಲಾಸ್ಟಿಕ್, ಗಾಜು, ಕಾಗದ ತೂರಿಸಿದರೆ ಇದೇ ಪರಿಣಾಮ ಅರ್ಧಂಬರ್ಧ ಆಗುತ್ತದೆ. ಅವುಗಳ ಅಣುಗಳಲ್ಲಿ ಚಾರ್ಜ್ ಓಡಾಡದಿದ್ದರೂ ಸ್ವಲ್ಪ ಸರಿದು, ಒಳಗಿನ ಕ್ಷೇತ್ರವನ್ನು ತಗ್ಗಿಸುತ್ತದೆ.

ತೇಲುವ ಹನಿ, ಬಾಗದ ಕಿರಣ

ಎಲ್ಲೆಡೆ ಒಂದೇ ಸಮ ಇರುವ ಕ್ಷೇತ್ರ ಎಷ್ಟು ದೊಡ್ಡ ವರ ಅನ್ನುವುದು ರಾಬರ್ಟ್ ಮಿಲಿಕನ್ ಎಣ್ಣೆ ಹನಿಗಳ ಪ್ರಯೋಗದಿಂದ ಗೊತ್ತಾಗುತ್ತದೆ. ಎಲೆಕ್ಟ್ರಾನಿನ ಚಾರ್ಜ್ ಎಷ್ಟು ಅಂತ ಅಳೆಯಲು ಅವರು 1909ರ ಹೊತ್ತಿಗೆ ಶುರು ಮಾಡಿದ ಕೆಲಸ ಇದು. ಹಾರ್ವಿ ಫ್ಲೆಚರ್ ಅನ್ನುವ ವಿದ್ಯಾರ್ಥಿಯ ಪಾಲೂ ಅದರಲ್ಲಿತ್ತು. ಎರಡು ಪ್ಲೇಟುಗಳನ್ನು ಒಂದರ ಮೇಲೊಂದು, ಸುಮಾರು 16 ಮಿಲಿಮೀಟರ್ ಅಂತರದಲ್ಲಿ ಮಲಗಿಸಿದರು. ಮೇಲಿನ ಪ್ಲೇಟಿನ ಪುಟ್ಟ ತೂತಿನಿಂದ ಎಣ್ಣೆಯ ಮಂಜಿನ ಹನಿ ಒಳಗೆ ಇಳಿಯುತ್ತದೆ. ಸೂಕ್ಷ್ಮದರ್ಶಕದಲ್ಲಿ ಅದೊಂದು ಹೊಳೆಯುವ ಚುಕ್ಕೆ.

ಹನಿಯ ಅಡ್ಡಳತೆ ಒಂದು ಮಿಲಿಮೀಟರಿನ ಐನೂರನೇ ಒಂದು ಭಾಗ ಅನ್ನಿ. ಅದರ ಮೇಲೆ ಒಂದೇ ಒಂದು ಹೆಚ್ಚುವರಿ ಎಲೆಕ್ಟ್ರಾನ್ ಕೂತಿದೆ. ಕೆಳಕ್ಕೆ ತೂಕ ಎಳೆಯುತ್ತದೆ, ಮೇಲಕ್ಕೆ ಪ್ಲಸ್ ಪ್ಲೇಟು. ಎರಡೂ ಸರಿಸಮವಾಗಲು ಬೇಕಾದ ಕ್ಷೇತ್ರ ಮೀಟರಿಗೆ ಸುಮಾರು 2.3 ಲಕ್ಷ ವೋಲ್ಟ್. 16 ಮಿಲಿಮೀಟರಿಗೆ ಅದು 3700 ವೋಲ್ಟ್ ಆಸುಪಾಸು. ಅಷ್ಟು ಕೊಟ್ಟರೆ ಹನಿ ಗಾಳಿಯಲ್ಲೇ ನಿಂತುಬಿಡುತ್ತದೆ. ಒಂದೇ ಒಂದು ಎಲೆಕ್ಟ್ರಾನ್ ಇಡೀ ಹನಿಯನ್ನು ಎತ್ತಿ ಹಿಡಿದಿರುತ್ತದೆ! ಹನಿ ಮೇಲಿನ ಪ್ಲೇಟಿಗೆ ಹತ್ತಿರ ಇದೆಯೋ ಕೆಳಗಿನದಕ್ಕೋ ಅನ್ನುವುದು ಬೇಕಿಲ್ಲ. ಕ್ಷೇತ್ರ ಜಾಗದಿಂದ ಜಾಗಕ್ಕೆ ಬದಲಾಗುತ್ತಿದ್ದರೆ ಓಡಾಡುವ ಹನಿಯ ಹಿಂದೆ ಹೀಗೆ ಲೆಕ್ಕ ಹಾಕಲು ಆಗುತ್ತಲೇ ಇರಲಿಲ್ಲ. ಮಿಲಿಕನ್‌ಗೆ 1923ರಲ್ಲಿ ನೊಬೆಲ್ ಬಂತು.

ಉಲ್ಟಾ ಹೊಡೆದ ಪ್ರಯೋಗವೂ ಒಂದಿದೆ, ನನಗೆ ಅದೇ ಹೆಚ್ಚು ಇಷ್ಟ. 1883ರಲ್ಲಿ ಹೈನ್ರಿಕ್ ಹರ್ಟ್ಜ್ ಕ್ಯಾಥೋಡ್ ಕಿರಣಗಳನ್ನು, ಅಂದರೆ ಗಾಳಿ ತೆಗೆದ ಕೊಳವೆಯಲ್ಲಿ ಮೈನಸ್ ತುದಿಯಿಂದ ಹೊರಡುವ ಕಿರಣಗಳನ್ನು, ಚಾರ್ಜ್ ಆದ ಪ್ಲೇಟುಗಳ ನಡುವೆ ಹಾಯಿಸಿ ನೋಡಿದರು. ಕಿರಣ ಬಾಗಲಿಲ್ಲ. ಹಾಗಾದರೆ ಅದಕ್ಕೆ ಚಾರ್ಜೇ ಇಲ್ಲ ಅಂದುಕೊಂಡರು. 1897ರಲ್ಲಿ ಜೆ. ಜೆ. ಥಾಮ್ಸನ್ ಕೊಳವೆಯಿಂದ ಗಾಳಿಯನ್ನು ಇನ್ನೂ ಚೆನ್ನಾಗಿ ತೆಗೆದು ಅದೇ ಪ್ರಯೋಗ ಮಾಡಿದರು. ಕಿರಣ ಬಾಗಿತು. ಅದು ಎಲೆಕ್ಟ್ರಾನ್‌ಗಳ ಹರಿವು ಅಂತ ಜಗತ್ತಿಗೆ ಗೊತ್ತಾಗಿದ್ದು ಹೀಗೆ.

ಹರ್ಟ್ಜ್ ಪ್ಲೇಟುಗಳ ನಡುವೆ ವೋಲ್ಟೇಜ್ ಇರಲಿಲ್ಲವೇ? ಇತ್ತು. ಆದರೆ ಉಳಿದಿದ್ದ ಗಾಳಿಯನ್ನು ಕಿರಣ ಒಡೆದು ಚಾರ್ಜ್ ಆದ ಕಣಗಳನ್ನು ಹುಟ್ಟಿಸುತ್ತಿತ್ತು. ಮೈನಸ್ ಕಣಗಳು ಪ್ಲಸ್ ಪ್ಲೇಟಿನ ಬಳಿ, ಪ್ಲಸ್ ಕಣಗಳು ಮೈನಸ್ ಪ್ಲೇಟಿನ ಬಳಿ ಗುಂಪುಗೂಡಿ, ನಡುವಿನ ಕ್ಷೇತ್ರವನ್ನು ಮುಚ್ಚಿಹಾಕಿದವು. ಇಳಿತವೆಲ್ಲ ಪ್ಲೇಟುಗಳ ಪಕ್ಕದಲ್ಲೇ ಮುಗಿದು, ಕಿರಣ ಹಾಯುವ ಜಾಗ ಸಮತಟ್ಟಾಗಿಹೋಯಿತು. ವೋಲ್ಟೇಜನ್ನು ಅಂತರದಿಂದ ಭಾಗಿಸಿದರೆ ಸಿಗುವುದು ಸರಾಸರಿ ಇಳಿಜಾರು ಮಾತ್ರ. ನಡುವೆ ಬೇರೆ ಚಾರ್ಜ್ ಇಲ್ಲದಿದ್ದಾಗ ಮಾತ್ರ ಎಲ್ಲೆಡೆಯೂ ಅದೇ ಕಡಿದು.

ನಾವೂ ಒಂದು ದೊಡ್ಡ ಜೋಡಿ ಪ್ಲೇಟುಗಳ ನಡುವೆಯೇ ಬದುಕಿದ್ದೇವೆ. ಕೆಳಗೆ ಭೂಮಿ, ಮೇಲೆ ವಿದ್ಯುತ್ ಹರಿಯಬಲ್ಲ ವಾತಾವರಣದ ಪದರ. ಆಕಾಶ ತಿಳಿಯಾಗಿರುವ ದಿನ ನೆಲದ ಹತ್ತಿರ ಕ್ಷೇತ್ರ ಮೀಟರಿಗೆ ಸುಮಾರು 100 ವೋಲ್ಟ್. ಇದೇ ಇಳಿಜಾರು 50 ಕಿಲೋಮೀಟರ್ ಸಾಗಿದ್ದರೆ ಮೇಲೆ 50 ಲಕ್ಷ ವೋಲ್ಟ್ ಇರಬೇಕಿತ್ತು. ಇರುವುದು ಸುಮಾರು 3 ಲಕ್ಷ. ಇಲ್ಲೂ ನಡುವಿನ ಗಾಳಿಯಲ್ಲಿ ಚಾರ್ಜ್ ಹರಡಿದೆ, ಮೇಲೆ ಹೋದಂತೆ ಇಳಿಜಾರು ಮೆತ್ತಗಾಗುತ್ತದೆ. ಹಾಗಾದರೆ ನಿಂತಾಗ ತಲೆಗೂ ಕಾಲಿಗೂ ನಡುವೆ 150 ವೋಲ್ಟ್ ಇರಬೇಕಲ್ಲ, ಶಾಕ್ ಯಾಕೆ ಹೊಡೆಯುವುದಿಲ್ಲ? ಗಾಳಿಗೆ ಹೋಲಿಸಿದರೆ ನಮ್ಮ ಮೈ ಒಳ್ಳೆಯ ವಾಹಕ. ಅದು ನೆಲದ ವೋಲ್ಟೇಜಿನಲ್ಲೇ ಇರುತ್ತದೆ. ಒಂದೇ ಎತ್ತರದ ಗೆರೆಗಳು ನಮ್ಮ ತಲೆಯ ಮೇಲಿಂದ ಬಾಗಿ ದಾಟಿಹೋಗುತ್ತವೆ.

ಎಷ್ಟು ಕಡಿದಾಗಬಹುದು?

ಗಾಳಿ ತಡೆದುಕೊಳ್ಳುವ ಕ್ಷೇತ್ರಕ್ಕೆ ಮಿತಿಯಿದೆ, ಮೀಟರಿಗೆ ಸುಮಾರು 30 ಲಕ್ಷ ವೋಲ್ಟ್. 1 ಮಿಲಿಮೀಟರಿಗೆ 3000. ಅದು ದಾಟಿದರೆ ಗಾಳಿಯಲ್ಲಿನ ಒಂದೆರಡು ಬಿಡಿ ಎಲೆಕ್ಟ್ರಾನ್‌ಗಳು ಅಣುಗಳಿಗೆ ಬಡಿದು ಇನ್ನಷ್ಟು ಎಲೆಕ್ಟ್ರಾನ್ ಬಿಡಿಸಿ, ಅವು ಇನ್ನಷ್ಟು ಬಿಡಿಸಿ, ಕಿಡಿ ಹಾರುತ್ತದೆ. ಹಾಗಂತ ನಮ್ಮ 9 ವೋಲ್ಟಿನ ಪ್ಲೇಟುಗಳನ್ನು ಮಿಲಿಮೀಟರಿನ ಸಾವಿರ ಭಾಗದಲ್ಲಿ ಮೂರು ಭಾಗದಷ್ಟು ಹತ್ತಿರ ತಂದರೆ ಕಿಡಿ ಬರುತ್ತದೆ ಅಂದುಕೊಳ್ಳಬೇಡಿ. ಲೆಕ್ಕದಲ್ಲಿ 30 ಲಕ್ಷ ಬರುತ್ತದೆ, ಆದರೆ ಅಷ್ಟು ಕಿರಿದಾದ ಸಂದಿಯಲ್ಲಿ ಎಲೆಕ್ಟ್ರಾನಿಗೆ ಓಡಿ ಬಡಿಯಲು ಜಾಗವೇ ಇಲ್ಲ. ಅಲ್ಲದೆ 9 ವೋಲ್ಟ್ ಇಳಿದು ಬಂದ ಎಲೆಕ್ಟ್ರಾನಿಗೆ ಗಾಳಿಯ ಅಣುವಿನಿಂದ ಇನ್ನೊಂದನ್ನು ಬಿಡಿಸುವಷ್ಟು ಶಕ್ತಿಯೂ ಇರುವುದಿಲ್ಲ. ಇಲ್ಲಿ ಇಳಿಜಾರಿನ ಜೊತೆ ಎತ್ತರವೂ ಲೆಕ್ಕಕ್ಕೆ ಬರುತ್ತದೆ.

ಕಡಿದಾದ ಕ್ಷೇತ್ರಕ್ಕೆ ದೊಡ್ಡ ವೋಲ್ಟೇಜ್ ಬೇಕಿಲ್ಲ ಅನ್ನುವುದಕ್ಕೆ ನಮ್ಮ ನರಕೋಶಗಳೇ ಸಾಕ್ಷಿ. ಕೋಶದ ಪೊರೆಯ ಒಳಗೂ ಹೊರಗೂ ನಡುವೆ ಸುಮಾರು 70 ಮಿಲಿವೋಲ್ಟ್, ಟಾರ್ಚಿನ ಸೆಲ್ಲಿನ ಇಪ್ಪತ್ತನೇ ಒಂದು ಭಾಗ. ಆದರೆ ಪೊರೆಯ ದಪ್ಪ ಏಳೆಂಟು ನ್ಯಾನೋಮೀಟರ್ ಅಷ್ಟೇ. ಭಾಗಿಸಿ ನೋಡಿ: ಮೀಟರಿಗೆ ಒಂದು ಕೋಟಿ ವೋಲ್ಟಿನ ಹತ್ತಿರ. ಗಾಳಿಯಲ್ಲಿ ಕಿಡಿ ಹಾರಿಸುವ ಕ್ಷೇತ್ರದ ಮೂರು ಪಟ್ಟು, ಈ ಸಾಲು ಓದುತ್ತಿರುವ ನಿಮ್ಮ ತಲೆಯೊಳಗೆ.

ಆ ಸೊನ್ನೆಯ ಕಥೆ

ನನ್ನ ಮಲ್ಟಿಮೀಟರ್ ಸೊನ್ನೆ ತೋರಿಸಿದ್ದೇಕೆ? ಮೀಟರ್ ಸುಮ್ಮನೆ ನೋಡುವುದಿಲ್ಲ. ಅಳೆಯುವಾಗ ತನ್ನ ಮೂಲಕ ಒಂದಿಷ್ಟು ಚಾರ್ಜನ್ನು ಹರಿಯಲು ಬಿಡುತ್ತದೆ. ಸಾಮಾನ್ಯ ಡಿಜಿಟಲ್ ಮೀಟರಿನ ಒಳರೋಧ 10 ಮೆಗಾಓಮ್. ಮನೆಯ ವೈರಿಂಗ್ ಅಳೆಯಲು ಅದು ಬೇಕಾದಷ್ಟಾಯಿತು. ಆದರೆ ನಮ್ಮ ಪ್ಲೇಟುಗಳ ಧಾರಕತೆ, ಅಂದರೆ ಒಂದು ವೋಲ್ಟಿಗೆ ಎಷ್ಟು ಚಾರ್ಜ್ ಹಿಡಿಯುತ್ತವೆ ಅನ್ನುವುದು, ಸುಮಾರು 88 ಪಿಕೋಫ್ಯಾರಡ್. ಎರಡನ್ನೂ ಗುಣಿಸಿದರೆ ಚಾರ್ಜ್ ಸೋರಲು ಹಿಡಿಯುವ ಸಮಯದ ಅಂದಾಜು ಸಿಗುತ್ತದೆ, ಅದು ಒಂದು ಮಿಲಿಸೆಕೆಂಡಿಗಿಂತ ಕಡಿಮೆ. ಅಷ್ಟರೊಳಗೆ ಚಾರ್ಜಿನ ಮೂರನೇ ಎರಡು ಪಾಲಿನ ಹತ್ತಿರ ಸೋರಿಹೋಗಿರುತ್ತದೆ. ಪರದೆಯ ಮೇಲೆ ಅಂಕಿ ಮೂಡುವ ಹೊತ್ತಿಗೆ ಅಳೆಯಲು ಏನೂ ಉಳಿದಿರುವುದಿಲ್ಲ. ಬ್ಯಾಟರಿ ಕಿತ್ತ ಮೇಲೆ "ಚಾರ್ಜ್ ಬದಲಾಗುವುದಿಲ್ಲ" ಅಂತ ನಾನು ನಂಬಿಕೊಂಡಿದ್ದೆ. ಅದನ್ನು ಬದಲಾಯಿಸಿದ್ದು ನಾನೇ ಹಚ್ಚಿದ ಮೀಟರು.

ಅಲೆಸ್ಸಾಂದ್ರೋ ವೋಲ್ಟಾ ಈ ಹಳ್ಳಕ್ಕೆ ಬೀಳಲಿಲ್ಲ. ಅವರ ಹತ್ತಿರ ಇದ್ದದ್ದು ಎಲೆಕ್ಟ್ರೋಸ್ಕೋಪ್. ಚಾರ್ಜ್ ಆದಾಗ ಎರಡು ಹಗುರ ಎಸಳುಗಳು ಒಂದನ್ನೊಂದು ತಳ್ಳಿ ಅಗಲುವ ಸಾಧನ ಅದು, ಚಾರ್ಜನ್ನು ಕುಡಿಯುವುದಿಲ್ಲ. ಅವರು 1782ರಲ್ಲಿ ವಿವರಿಸಿದ ಉಪಾಯ ನಮ್ಮ ಒಗಟೇ. ಎಸಳು ಅಲುಗಿಸಲೂ ಆಗದಷ್ಟು ಸಣ್ಣ ವೋಲ್ಟೇಜನ್ನು, ತೀರಾ ಹತ್ತಿರವಿರುವ ಎರಡು ಪ್ಲೇಟುಗಳಿಗೆ ಕೊಡುವುದು. ಸಂಪರ್ಕ ತಪ್ಪಿಸುವುದು. ಆಮೇಲೆ ಒಂದು ಪ್ಲೇಟನ್ನು ಎತ್ತಿಬಿಡುವುದು. ಚಾರ್ಜ್ ಅಷ್ಟೇ, ವೋಲ್ಟೇಜ್ ಹತ್ತಾರು ಪಟ್ಟು. ಎಸಳುಗಳು ಅಗಲುತ್ತವೆ.

ಈಗ ಇದೇ ಉಪಾಯದಿಂದ ಮಾತು ರೆಕಾರ್ಡ್ ಆಗುತ್ತದೆ. 1916ರಲ್ಲಿ ಎಡ್ವರ್ಡ್ ವೆಂಟೆ ರೂಪಿಸಿದ ಕಂಡೆನ್ಸರ್ ಮೈಕ್ರೋಫೋನಿನಲ್ಲಿ ಒಂದು ಪ್ಲೇಟು ತೆಳುವಾದ ಪೊರೆ. ದನಿಗೆ ಅದು ಅದುರುತ್ತದೆ, ಅಂತರ ಬದಲಾಗುತ್ತದೆ, ಚಾರ್ಜ್ ಅಷ್ಟೇ ಇರುವುದರಿಂದ ವೋಲ್ಟೇಜ್ ದನಿಯ ಜೊತೆ ಕುಣಿಯುತ್ತದೆ. 1962ರಲ್ಲಿ ಜೇಮ್ಸ್ ವೆಸ್ಟ್ ಮತ್ತು ಗೆರ್ಹಾರ್ಡ್ ಸೆಸ್ಲರ್ ಪೊರೆಯಲ್ಲೇ ಕಾಯಂ ಆಗಿ ಚಾರ್ಜ್ ಕೂರಿಸಿ, ಹೊರಗಿನ ದೊಡ್ಡ ವೋಲ್ಟೇಜಿನ ತಾಪತ್ರಯವನ್ನೇ ತಪ್ಪಿಸಿದರು. ಅಂಥ ಮೈಕಿನ ಗುಂಡಿಯಷ್ಟು ಗಾತ್ರದ ಡಬ್ಬಿ ಬಿಚ್ಚಿದರೆ ಒಳಗೆ, ಪ್ಲೇಟಿನ ಬೆನ್ನಿಗೇ, ಒಂದು ಪುಟ್ಟ ಟ್ರಾನ್ಸಿಸ್ಟರ್ ಕಾಣುತ್ತದೆ. ಚಾರ್ಜನ್ನು ಹೆಚ್ಚುಕಡಿಮೆ ಮುಟ್ಟದೆಯೇ ವೋಲ್ಟೇಜನ್ನು ಓದುವ ಜಾತಿಯದು ಅದು. ಅದನ್ನು ಡಬ್ಬಿಯ ಹೊರಗೆ, ಉದ್ದ ವೈರಿನ ತುದಿಯಲ್ಲಿ ಇಟ್ಟರೆ ಆ ವೈರೇ ಪ್ಲೇಟಿನ ಚಾರ್ಜನ್ನು ತನಗೆ ಹಂಚಿಕೊಂಡು, ದನಿ ಕ್ಷೀಣವಾಗಿಬಿಡುತ್ತದೆ.